ಹಿಮ್ಮಡಿ ಕೈಗೆ ಸಿಗದ ಪುಟ್ಟ ಪಾದ

ಓದುಗರ ಪ್ರಶ್ನೆ, ಮೂಳೆ ವೈದ್ಯೆಯ ಉತ್ತರ

ಕಳೆದ ತಿಂಗಳು ಮಂಡಿನೋವಿನ ಬಗ್ಗೆ ಬರೆಯುತ್ತಾ, ಹುಟ್ಟುವಾಗಲೇ ಪಾದ ಒಳಕ್ಕೆ ತಿರುಗಿರುವ ಮಕ್ಕಳನ್ನು ತಡಮಾಡದೆ ತೋರಿಸಿ ಎಂದು ಕೊನೆಯಲ್ಲಿ ಒಂದು ಸಾಲು ಸೇರಿಸಿದ್ದೆ. ಮಂಡಿಯ ಬಗ್ಗೆ ಬಂದದ್ದು 2 ಪತ್ರ. ಆ ಒಂದು ಸಾಲಿನ ಬಗ್ಗೆ ಬಂದದ್ದು 11. ಹಾಗಾಗಿ ಈ ಸಲ ಬೇರೆ ಪ್ರಶ್ನೆಗಳನ್ನೆಲ್ಲ ಪಕ್ಕಕ್ಕಿಟ್ಟು ಸೊಟ್ಟಪಾದದ ಬಗ್ಗೆಯೇ ಬರೆಯುತ್ತಿದ್ದೇನೆ. 4 ಪತ್ರ ಆರಿಸಿಕೊಂಡಿದ್ದೇನೆ, ಉಳಿದವರು ಕೇಳಿರುವುದೂ ಇವುಗಳೊಳಗೇ ಇದೆ. ಯಾರ ಹೆಸರನ್ನೂ ಹಾಕಿಲ್ಲ.

ಪ್ರಶ್ನೆ: ನನ್ನ ಮಗನಿಗೆ ಗಂಡು ಮಗು ಹುಟ್ಟಿ ಇವತ್ತಿಗೆ 11 ದಿನ. ಮಗು ಆರೋಗ್ಯವಾಗಿದೆ, ಹಾಲು ಚೆನ್ನಾಗಿ ಕುಡಿಯುತ್ತದೆ. ಆದರೆ ಬಲಪಾದ ಒಳಕ್ಕೆ ತಿರುಗಿಕೊಂಡು ಅಂಗಾಲು ಎಡಗಾಲಿನ ಕಡೆ ನೋಡುತ್ತದೆ. ಎರೆಯುವ ಅಜ್ಜಿ ಹರಳೆಣ್ಣೆ ಹಚ್ಚಿ ದಿನಾ ನೀವಿದರೆ ಮೂರು ತಿಂಗಳಲ್ಲಿ ಸರಿಹೋಗುತ್ತೆ ಅಂತಾಳೆ. ಆಸ್ಪತ್ರೆಯಲ್ಲಿ ನರ್ಸಮ್ಮ ಮೂಳೆ ಡಾಕ್ಟರಿಗೆ ತೋರಿಸಿ ಅಂದರು. ಹೋದ ಸೆಪ್ಟೆಂಬರಿನ ಗ್ರಹಣದ ರಾತ್ರಿ ಸೊಸೆ ಹೊರಗೆ ಬಂದಿದ್ದಳು, ಅದಕ್ಕೇ ಹೀಗಾಯಿತು ಅಂತ ನೆಂಟರಲ್ಲಿ ಮಾತು ಎದ್ದಿದೆ. ಅವಳು ಊಟ ಬಿಟ್ಟು ಅಳುತ್ತಾಳೆ. ನಾಮಕರಣ ಮುಗಿಸಿಕೊಂಡು ಆಸ್ಪತ್ರೆಗೆ ಹೋದರೆ ಆಗುತ್ತದೆಯೇ?
(ಶ್ರೀನಿವಾಸಪುರ ತಾಲ್ಲೂಕಿನ ಒಬ್ಬ ಅಜ್ಜಿ)

ಉತ್ತರ: ಅಮ್ಮಾ, ನಾಮಕರಣಕ್ಕೆ ಕಾಯಬೇಡಿ, ಈ ವಾರವೇ ಹೊರಡಿ. ಕಾಲಿಗೆ ಪ್ಲಾಸ್ಟರ್ ಪಟ್ಟಿ ಹಾಕಿದ್ದರೂ ಮಗುವನ್ನು ತೊಟ್ಟಿಲಿಗೆ ಹಾಕಬಹುದು, ಕಿವಿಯಲ್ಲಿ ಹೆಸರು ಹೇಳಬಹುದು. ಯಾವ ಶಾಸ್ತ್ರಕ್ಕೂ ಅದು ಅಡ್ಡಿಯಲ್ಲ. ಈಗ ನಿಮ್ಮ ಮೊಮ್ಮಗನ ಪಾದದೊಳಗಿನ ಮೂಳೆಗಳು ಇನ್ನೂ ಪೂರ್ತಿ ಮೂಳೆಯಾಗಿಲ್ಲ. ಬಹುಪಾಲು ನಮ್ಮ ಕಿವಿಯ ಮೇಲ್ಭಾಗದಂಥ ಮೆತ್ತನೆಯ ಮೃದ್ವಸ್ಥಿ. ಅವನ್ನು ಒಂದಕ್ಕೊಂದು ಕಟ್ಟಿರುವ ನಾರುಗಳೂ ಮೆಲ್ಲಗೆ ಎಳೆದಂತೆ ಬರುತ್ತವೆ. ಮೊದಲ ಒಂದೆರಡು ವಾರದಲ್ಲೇ ಶುರುಮಾಡಿ ಎಂದು ನಾವು ಹೇಳುವುದು ಇದಕ್ಕೇ. ಕೆಲವು ತಿಂಗಳು ಕಳೆದು ಬಂದವರಿಗೂ ಇದೇ ಚಿಕಿತ್ಸೆ ಫಲ ಕೊಡುತ್ತದೆ, ಆದರೆ ಬೇಕೆಂದೇ ತಡಮಾಡುವುದು ಯಾಕೆ?

ಆಸ್ಪತ್ರೆಗೆ ಹೋಗುವ ಮೊದಲು ಒಂದು ಸಲ ಆ ಪಾದವನ್ನು ನೀವೇ ಸರಿಯಾಗಿ ನೋಡಿ. ಮಗು ಹಾಲು ಕುಡಿದು ಸಮಾಧಾನವಾಗಿರುವಾಗ ಬಾಗಿಲ ಬೆಳಕಿಗೆ ಕೂತು, ತೊಡೆಯ ಮೇಲೆ ಮಲಗಿಸಿಕೊಂಡು ಎರಡೂ ಪಾದಗಳನ್ನು ಅಕ್ಕಪಕ್ಕ ಹಿಡಿಯಿರಿ. ‘ಸೊಟ್ಟ’ ಅಂತ ನಾವು ಒಂದೇ ಮಾತಲ್ಲಿ ಹೇಳಿಬಿಡುತ್ತೇವೆ. ನಿಜವಾಗಿ ಅಲ್ಲಿರುವುದು ನಾಲ್ಕು ಬಾಗು.

ಮೊದಲು ಹಿಮ್ಮಡಿ. ಎಡಪಾದದ ಹಿಮ್ಮಡಿಯನ್ನು ಹೆಬ್ಬೆರಳಿನಿಂದ ಮೆಲ್ಲಗೆ ಒತ್ತಿ. ನಿಮ್ಮ ಗದ್ದ ಮುಟ್ಟಿದ ಹಾಗೆ, ಚರ್ಮದ ಕೆಳಗೇ ಮೂಳೆ ಸಿಗುತ್ತದೆ. ಈಗ ಬಲಪಾದದ ಹಿಮ್ಮಡಿ ಒತ್ತಿ. ಮೂಗಿನ ತುದಿ ಮುಟ್ಟಿದಂತಿದ್ದರೆ ಮೂಳೆ ಸ್ವಲ್ಪ ಮೇಲೆ ಸರಿದಿದೆ ಎಂದರ್ಥ. ಕೆನ್ನೆ ಮುಟ್ಟಿದಂತೆ ಬರೀ ಮೆತ್ತಗಿದ್ದರೆ ಹಿಮ್ಮಡಿಯ ಮೂಳೆ ಪೂರ್ತಿ ಮೇಲೆ ಎಳೆದುಕೊಂಡು ಬಿಟ್ಟಿದೆ, ಚೀಲ ಇದೆ, ಒಳಗೆ ಕಾಯಿ ಇಲ್ಲ. ಅದನ್ನು ಎಳೆದು ಹಿಡಿದಿರುವುದು ಮೀನಖಂಡದಿಂದ ಹಿಮ್ಮಡಿಗೆ ಇಳಿಯುವ ದಪ್ಪ ನರ. ನರ ಅಂತ ನಾವು ಆಡುಮಾತಲ್ಲಿ ಅನ್ನುತ್ತೇವೆ, ಅದು ಸ್ನಾಯುವಿನ ಹುರಿ. ಅದು ಗಿಡ್ಡವಾಗಿ, ಗಟ್ಟಿಯಾಗಿರುತ್ತದೆ. ಅದಕ್ಕೇ ಬೆರಳುಗಳು ಕೆಳಕ್ಕೆ ಚಾಚಿಕೊಂಡು, ತುದಿಗಾಲಲ್ಲಿ ನಿಂತಂತೆ ಕಾಣುತ್ತದೆ. ಪಾದದ ಹಿಂಭಾಗದಲ್ಲಿ, ಹಿಮ್ಮಡಿಯ ಮೇಲೆ, ಆಳವಾದ ಒಂದೇ ಗೆರೆ ಇದ್ದರೆ ಅದೂ ಇದರದೇ ಗುರುತು. ಸರಿಯಿರುವ ಪಾದದಲ್ಲಿ ಅಲ್ಲಿ ಎರಡು ಮೂರು ಸಣ್ಣ ಗೆರೆಗಳಿರುತ್ತವೆ.

ಎರಡನೆಯದು, ಅದೇ ಹಿಮ್ಮಡಿ ಒಳಗಡೆಗೆ ವಾಲಿರುತ್ತದೆ. ಮಗುವನ್ನು ಬೋರಲು ಮಾಡಿ ಹಿಂದಿನಿಂದ ನೋಡಿದರೆ ಗೊತ್ತಾಗುತ್ತದೆ. ಮೂರನೆಯದು, ಪಾದದ ಮುಂಭಾಗ ಒಳಕ್ಕೆ ಬಾಗಿರುತ್ತದೆ. ಕಿರುಬೆರಳ ಕಡೆಯ ಅಂಚಿಗೆ ಒಂದು ಪೆನ್ಸಿಲ್ ಒರಗಿಸಿ ನೋಡಿ. ಎಡಪಾದದಲ್ಲಿ ಪೆನ್ಸಿಲ್ ಉದ್ದಕ್ಕೂ ಅಂಟಿಕೊಳ್ಳುತ್ತದೆ. ಬಲಪಾದದಲ್ಲಿ ಹಿಮ್ಮಡಿಯ ಹತ್ತಿರ ತಾಗಿ, ಮುಂದೆ ಹೋದಂತೆ ಪಾದ ಪೆನ್ಸಿಲನ್ನು ಬಿಟ್ಟು ಗೋಡಂಬಿಯ ಹಾಗೆ ಬಾಗುತ್ತದೆ. ನಾಲ್ಕನೆಯದು, ಅಂಗಾಲಿನ ನಡುವಿನ ಗುಳಿ ಬಹಳ ಆಳ, ಅಲ್ಲಿ ಅಡ್ಡಕ್ಕೆ ಮಡಿಕೆ ಬಿದ್ದಂತೆ ಗೆರೆ.

ಈ ನಾಲ್ಕೂ ಸೇರಿದ್ದಕ್ಕೆ ಇಂಗ್ಲಿಷಿನಲ್ಲಿ ಕ್ಲಬ್‌ಫೂಟ್ ಎನ್ನುತ್ತಾರೆ. ಆಸ್ಪತ್ರೆ ಚೀಟಿಯಲ್ಲಿ ‘ಸಿಟಿಇವಿ’ ಎಂದು ಬರೆದಿರುತ್ತಾರೆ, ಅದು ಬೇರೆ ಯಾವುದೋ ದೊಡ್ಡ ಕಾಯಿಲೆಯೆಂದು ಹೆದರಬೇಡಿ. ಸುಮಾರು 800ರಿಂದ 1000 ಮಕ್ಕಳಲ್ಲಿ ಒಂದಕ್ಕೆ ಹೀಗಿರುತ್ತದೆ. ಗಂಡುಮಕ್ಕಳಲ್ಲಿ ಹೆಣ್ಣುಮಕ್ಕಳಿಗಿಂತ ಎರಡು ಪಟ್ಟು. ಹೆಚ್ಚುಕಡಿಮೆ ಅರ್ಧದಷ್ಟು ಮಕ್ಕಳಿಗೆ ಎರಡೂ ಪಾದ ಹೀಗಿರುತ್ತದೆ. ಆ ಕಾಲಿನ ಮೀನಖಂಡ ಸ್ವಲ್ಪ ಸಣ್ಣಗಿರುತ್ತದೆ, ಪಾದವೂ ಸ್ವಲ್ಪ ಗಿಡ್ಡ. ಚಿಕಿತ್ಸೆಯಾದ ಮೇಲೂ ಆ ವ್ಯತ್ಯಾಸ ಸ್ವಲ್ಪ ಉಳಿಯುತ್ತದೆ, ಅದರಿಂದ ಓಡಾಟಕ್ಕೆ ತೊಂದರೆಯಿಲ್ಲ. ಈಗ ಮಗುವಿಗೆ ನೋವೂ ಇಲ್ಲ. ನೋವಿಲ್ಲ, ಮಗು ಅಳುವುದಿಲ್ಲ ಎಂದೇ ಜನ ಸುಮ್ಮನಿದ್ದುಬಿಡುತ್ತಾರೆ.

ಸುಮ್ಮನಿದ್ದರೆ ಏನಾಗುತ್ತದೆ ಎಂಬುದನ್ನು ನಾನು ನಮ್ಮ ಮನೆಯಲ್ಲೇ ನೋಡಿದ್ದೇನೆ. ಮುಳಬಾಗಿಲು ತಾಲ್ಲೂಕಿನ ನಮ್ಮ ಊರಲ್ಲಿ ನನ್ನ ಸೋದರಮಾವ ರೇಷ್ಮೆ ಹುಳು ಸಾಕುತ್ತಿದ್ದರು. ಅವರ ಎರಡೂ ಪಾದ ಸೊಟ್ಟ. ಕಿರುಬೆರಳ ಪಕ್ಕದ ಅಂಚನ್ನು, ಆಮೇಲಾಮೇಲೆ ಪಾದದ ಮೇಲ್ಭಾಗವನ್ನೇ ನೆಲಕ್ಕೆ ಊರಿ ನಡೆಯುತ್ತಿದ್ದರು. ಊರಿದ ಕಡೆ ಚರ್ಮ ಎತ್ತಿನ ಹೆಗಲಿನ ಹಾಗೆ ದಪ್ಪಗಟ್ಟಿ, ಬೇಸಿಗೆಯಲ್ಲಿ ಬಿರಿದು ರಕ್ತ ಬರುತ್ತಿತ್ತು. ಯಾವ ಚಪ್ಪಲಿಯೂ ಆಗದೆ ಹಳೇ ಟೈರಿನ ತುಂಡನ್ನು ದಾರದಲ್ಲಿ ಕಟ್ಟಿಕೊಳ್ಳುತ್ತಿದ್ದರು. ಮಳೆ ಬಂದ ಮಾರನೇ ದಿನ ಅಂಗಳದ ಕೆಸರಲ್ಲಿ ಎಲ್ಲರ ಹೆಜ್ಜೆಯೂ ಇರುತ್ತಿತ್ತು. ಅವರದು ಮಾತ್ರ ಬೇರೆ. ಹಿಮ್ಮಡಿಯ ಗುಂಡಿ ಇಲ್ಲ, ಬೆರಳ ಗುರುತಿಲ್ಲ, ಬರೀ ಒಂದು ಅರ್ಧಚಂದ್ರ. ಹಿಪ್ಪುನೇರಳೆ ಸೊಪ್ಪಿನ ಹೊರೆ ತಲೆಮೇಲಿಟ್ಟುಕೊಂಡು ಆ ಅರ್ಧಚಂದ್ರದ ಮೇಲೆ ಅವರು 50 ವರ್ಷ ನಡೆದರು. ಅವರು ಕೂಸಾಗಿದ್ದಾಗಲೂ ‘ಎಣ್ಣೆ ನೀವಿದರೆ ಸರಿಹೋಗುತ್ತೆ’ ಅಂದಿದ್ದರಂತೆ.

ಎಣ್ಣೆಯ ವಿಷಯ ಅಷ್ಟೇ ಅಮ್ಮಾ. ಮೈಗೆ ಹಚ್ಚಿ ಎರೆಯಲಿ, ಬೇಡವೆನ್ನುವುದಿಲ್ಲ. ಆದರೆ ನೀವುವುದರಿಂದ ಈ ಪಾದ ನೇರವಾಗುವುದಿಲ್ಲ, ಒಂದೊಂದೇ ವಾರ ಕೈತಪ್ಪುತ್ತದೆ. ಬೆರಳುಗಳನ್ನು ಹಿಡಿದು ಪಾದವನ್ನು ಬಲವಂತವಾಗಿ ಮೇಲಕ್ಕೆ ಒತ್ತುವುದನ್ನಂತೂ ಯಾರಿಗೂ ಬಿಡಬೇಡಿ. ಹಿಮ್ಮಡಿ ಮೇಲೇ ಸಿಕ್ಕಿಕೊಂಡಿರುವಾಗ ಮುಂಭಾಗವನ್ನು ಮಾತ್ರ ಎತ್ತಿದರೆ ಪಾದ ನಡುವಿನಲ್ಲಿ ಮುರಿದಂತಾಗಿ ದೋಣಿಯ ತಳದ ಹಾಗೆ ಉಬ್ಬುತ್ತದೆ. ಅದನ್ನು ಸರಿಮಾಡುವುದು ಇನ್ನೂ ಕಷ್ಟ.

ಇನ್ನು ಗ್ರಹಣದ ಮಾತು. 2025ರ ಸೆಪ್ಟೆಂಬರ್ 7ರ ಚಂದ್ರಗ್ರಹಣದ ರಾತ್ರಿ ಈ ದೇಶದಲ್ಲಿ ಲಕ್ಷಗಟ್ಟಲೆ ಬಸುರಿಯರಿದ್ದರು. ಹೊರಗೆ ಬಂದವರೂ ಇದ್ದರು, ಬಾಗಿಲು ಹಾಕಿಕೊಂಡು ಕೂತವರೂ ಇದ್ದರು. ಗ್ರಹಣ ಕಂಡ ವರ್ಷ, ಕಾಣದ ವರ್ಷ, ಗ್ರಹಣವನ್ನು ಲೆಕ್ಕಕ್ಕೇ ಇಡದ ದೇಶ, ಎಲ್ಲಾ ಕಡೆ ಈ ಪಾದದ ಮಕ್ಕಳು ಹುಟ್ಟುತ್ತಾರೆ. ಕಾರಣ ಇದೇ ಎಂದು ಬೆರಳು ಮಾಡಿ ತೋರಿಸುವಂಥದ್ದು ಬಹಳ ಮಕ್ಕಳಲ್ಲಿ ಸಿಗುವುದಿಲ್ಲ. ವಂಶವಾಹಿಗಳ ಪಾತ್ರ ಇದೆ, ಕೆಲವು ಮನೆತನಗಳಲ್ಲಿ ಮರುಕಳಿಸುತ್ತದೆ. ನಿಮ್ಮ ಸೊಸೆ ಕೂತದ್ದು, ನಿಂತದ್ದು, ತರಕಾರಿ ಹೆಚ್ಚಿದ್ದು ಯಾವುದೂ ಕಾರಣವಲ್ಲ. ಐದನೇ ತಿಂಗಳ ಸ್ಕ್ಯಾನಿಂಗಿನಲ್ಲಿ ಎಷ್ಟೋ ಸಲ ಇದು ಕಾಣುತ್ತದೆ, ಆದರೆ ಆಗಲೂ ಹುಟ್ಟುವವರೆಗೆ ಮಾಡುವಂಥದ್ದು ಏನೂ ಇರುವುದಿಲ್ಲ. ಅವಳನ್ನು ಕೂರಿಸಿಕೊಂಡು ಈ ಮಾತನ್ನು ನೀವೇ ಹೇಳಿ. ಅತ್ತೆಯ ಬಾಯಿಂದ ಬಂದರೆ ನೆಂಟರ ಬಾಯಿ ತಾನಾಗಿ ಮುಚ್ಚುತ್ತದೆ. ಬಾಣಂತಿ ಹೊಟ್ಟೆ ತುಂಬ ಉಣ್ಣಲಿ, ಮುಂದಿನ ಎರಡು ತಿಂಗಳು ವಾರವಾರ ಆಸ್ಪತ್ರೆಗೆ ಹೋಗಬೇಕಾದವಳು ಅವಳು.

ಅಲ್ಲಿ ಏನು ಮಾಡುತ್ತಾರೆ? ಪೊನ್ಸೆಟಿ ಪದ್ಧತಿ ಎನ್ನುತ್ತಾರೆ. ಅದನ್ನು ಕಂಡುಹಿಡಿದ ಮೂಳೆ ವೈದ್ಯ ಇಗ್ನಾಸಿಯೋ ಪೊನ್ಸೆಟಿ 1914ರಲ್ಲಿ ಸ್ಪೇನ್ ದೇಶದ ಮಿನೋರ್ಕಾ ದ್ವೀಪದಲ್ಲಿ ಹುಟ್ಟಿದ, ಗಡಿಯಾರ ರಿಪೇರಿ ಮಾಡುವವರ ಮಗ. ಅಂತರ್ಯುದ್ಧದಲ್ಲಿ ದೇಶ ಬಿಟ್ಟು, ಮೆಕ್ಸಿಕೊ ಮೂಲಕ ಅಮೆರಿಕದ ಅಯೋವಾ ಸೇರಿದರು. 1940ರ ದಶಕದ ಕೊನೆಯಲ್ಲಿ, ಆಪರೇಷನ್ ಆದ ಪಾದಗಳು ದೊಡ್ಡವರಾದ ಮೇಲೆ ಗಟ್ಟಿಯಾಗಿ ನೋಯುವುದನ್ನು ನೋಡಿ, ಕೊಯ್ಯದೆ ಕೈಯಿಂದಲೇ ತಿರುಗಿಸುವ ದಾರಿ ಹುಡುಕಿದರು. ಬಹಳ ಕಾಲ ಯಾರೂ ಕಿವಿಗೊಡಲಿಲ್ಲ. ಅವರು ಚಿಕಿತ್ಸೆ ಕೊಟ್ಟ ಮಕ್ಕಳು 30 ವರ್ಷದ ಮೇಲೂ ಚೆನ್ನಾಗಿ ನಡೆಯುತ್ತಿದ್ದಾರೆ ಎಂಬ ವರದಿ 1995ರಲ್ಲಿ ಬಂದ ಮೇಲೆ ಜಗತ್ತು ನಿಧಾನವಾಗಿ ತಿರುಗಿ ನೋಡಿತು. ನಾನು ಕಲಿಯುತ್ತಿದ್ದ ಕಾಲಕ್ಕೆ ನಮಗೆ ಇದು ಗೊತ್ತಿರಲಿಲ್ಲ. ಹಿಮ್ಮಡಿಯ ಹತ್ತಿರ ತಪ್ಪು ಜಾಗಕ್ಕೆ ಹೆಬ್ಬೆರಳು ಕೊಟ್ಟು ಒತ್ತುತ್ತಿದ್ದೆವು, ಪಾದ ಬಗ್ಗದಿದ್ದರೆ ಉದ್ದಕ್ಕೆ ಕೊಯ್ಯುತ್ತಿದ್ದೆವು. ಆ ಮಕ್ಕಳ ಪೈಕಿ ಕೆಲವರು ದೊಡ್ಡವರಾಗಿ, ಪಾದ ನೋವು ಎಂದು ಈಗಲೂ ನನ್ನ ಹತ್ತಿರ ಬರುತ್ತಾರೆ. ಅವರನ್ನು ನೋಡಿದಾಗೆಲ್ಲ ನನಗೆ ಸಂಕಟವಾಗುತ್ತದೆ.

ಹರಡಿನ, ಅಂದರೆ ಪಾದ ಕಾಲಿಗೆ ಕೂಡುವ ಕೀಲಿನ ಮುಂದೆ, ಹೊರಪಕ್ಕಕ್ಕೆ ಒಂದು ಗೋಲಿಯಂಥ ಮೂಳೆ ಕೈಗೆ ಸಿಗುತ್ತದೆ. ಅದರ ಮೇಲೆ ಹೆಬ್ಬೆರಳು ಒತ್ತಿ ಹಿಡಿದು, ಮಿಕ್ಕ ಪಾದವನ್ನು ಅದರ ಸುತ್ತ ಮೆಲ್ಲಗೆ ಹೊರಕ್ಕೆ ತಿರುಗಿಸುವುದೇ ಈ ಪದ್ಧತಿಯ ಜೀವ. ಒಂದೆರಡು ನಿಮಿಷ ಹಾಗೆ ಹಿಡಿದು, ಬಂದಷ್ಟು ಬಂದಲ್ಲಿಗೇ ಕಾಲ್ಬೆರಳಿನಿಂದ ತೊಡೆಸಂದಿಯವರೆಗೆ, ಮಂಡಿ ಮಡಿಸಿ, ಹತ್ತಿ ಸುತ್ತಿ ಪ್ಲಾಸ್ಟರ್ ಪಟ್ಟಿ ಹಾಕುತ್ತೇವೆ. ವಾರಕ್ಕೊಂದು, ಒಟ್ಟು ಐದರಿಂದ ಏಳು. ಒಂದು ವಿಷಯ ಮೊದಲೇ ಹೇಳಿಬಿಡುತ್ತೇನೆ. ಮೊದಲ ಪಟ್ಟಿ ಹಾಕಿದ ದಿನ ಪಾದ ಇನ್ನಷ್ಟು ತಿರುಗಿದಂತೆ, ಅಂಗಾಲು ಮೇಲೆ ನೋಡುವಂತೆ ಕಾಣುತ್ತದೆ. ಡಾಕ್ಟರು ಕೆಡಿಸಿದರು ಎಂದು ಅಲ್ಲಿಂದಲೇ ಬಿಟ್ಟುಹೋದವರಿದ್ದಾರೆ. ಅದು ಹಾಗೇ ಇರಬೇಕು. ಹೆಬ್ಬೆರಳ ಕಡೆಯನ್ನು ಮೊದಲು ಎತ್ತಿ ಅಂಗಾಲಿನ ಗುಳಿ ಬಿಡಿಸಿದ ಮೇಲೆಯೇ ಉಳಿದದ್ದು ತಿರುಗುವುದು. ಹಿಮ್ಮಡಿ ಇಳಿಯುವುದು ಎಲ್ಲಕ್ಕಿಂತ ಕೊನೆಗೆ. ಹತ್ತರಲ್ಲಿ ಎಂಟು ಒಂಬತ್ತು ಮಕ್ಕಳಿಗೆ ಆಗ ಆ ದಪ್ಪ ಹುರಿಯನ್ನು ಸಣ್ಣ ಬ್ಲೇಡಿನಿಂದ ಕತ್ತರಿಸಬೇಕಾಗುತ್ತದೆ. ‘ಕತ್ತರಿಸುವುದು’ ಎಂದರೆ ಎದೆ ಝಲ್ಲೆನ್ನುವುದು ಸಹಜ. ಒಂದು ಅಕ್ಕಿಕಾಳಿನಷ್ಟು ಗಾಯ, ಮರಗಟ್ಟುವ ಇಂಜೆಕ್ಷನ್ ಕೊಟ್ಟು ಕೆಲವೇ ನಿಮಿಷದ ಕೆಲಸ. 3 ವಾರ ಕೊನೆಯ ಪಟ್ಟಿ ಇರುತ್ತದೆ, ಅಷ್ಟರಲ್ಲಿ ಹುರಿ ಮತ್ತೆ ಕೂಡಿಕೊಂಡಿರುತ್ತದೆ, ಈ ಸಲ ಬೇಕಾದಷ್ಟು ಉದ್ದವಾಗಿ.

ಪಟ್ಟಿ ಇರುವಷ್ಟು ದಿನ ಎರೆಯುವಂತಿಲ್ಲ, ಒದ್ದೆ ಬಟ್ಟೆಯಲ್ಲಿ ಒರೆಸಿ. ದಿನಕ್ಕೆ ನಾಲ್ಕೈದು ಸಲ ಬೆರಳುಗಳನ್ನು ನೋಡಿ. ಕೆಂಪಗೆ ಬೆಚ್ಚಗಿರಬೇಕು, ಒತ್ತಿ ಬಿಟ್ಟರೆ ಬಣ್ಣ ಮರಳಬೇಕು. ಬೆರಳು ನೀಲಿಯಾದರೆ, ಊದಿದರೆ, ಅಥವಾ ಬೆರಳುಗಳು ಪಟ್ಟಿಯೊಳಕ್ಕೆ ಸರಿದು ಕಾಣದೆ ಹೋದರೆ ರಾತ್ರಿಯಾದರೂ ಸರಿ ಹೊರಡಿ.

ಪ್ರಶ್ನೆ: ನಾನು ಆಶಾ ಕಾರ್ಯಕರ್ತೆ. ಮನೆ ಭೇಟಿಯಲ್ಲಿ ಹಸುಗೂಸುಗಳ ಪಾದ ನೋಡುತ್ತೇನೆ. ಹುಟ್ಟಿದ ಹೊಸದರಲ್ಲಿ ಎಷ್ಟೋ ಮಕ್ಕಳ ಪಾದ ಸ್ವಲ್ಪ ಒಳಕ್ಕೇ ಇರುತ್ತದೆ. ಎಲ್ಲರನ್ನೂ ಕಳಿಸಿದರೆ ಬೈಯುತ್ತಾರೆ, ಕಳಿಸದಿದ್ದರೆ ಭಯ. ಹೇಗೆ ತಿಳಿಯುವುದು?
(ಬಾಗೇಪಲ್ಲಿ ತಾಲ್ಲೂಕು)

ಉತ್ತರ: ತಂಗೀ, ಒಳ್ಳೆಯ ಪ್ರಶ್ನೆ. ನಿಮ್ಮಂಥವರ ಕಣ್ಣಿಗೆ ಬಿದ್ದ ಮಕ್ಕಳೇ ನಮ್ಮ ಹತ್ತಿರ ಸರಿಯಾದ ಕಾಲಕ್ಕೆ ಬರುವುದು.

ಗರ್ಭದಲ್ಲಿ ಇಕ್ಕಟ್ಟಾಗಿ ಮಲಗಿದ್ದರಿಂದ ಪಾದ ಒಳಕ್ಕೆ ಬಾಗಿದ್ದರೆ ಅದು ಮೆತ್ತಗಿರುತ್ತದೆ. ಒಂದು ಬೆರಳಿನಿಂದ ತಳ್ಳಿದರೆ ನೇರವಾಗುತ್ತದೆ, ಇನ್ನೂ ಸ್ವಲ್ಪ ತಳ್ಳಿದರೆ ಪಾದದ ಮೇಲ್ಭಾಗ ಮೊಣಕಾಲಿನ ಕಡೆಗೆ ಮಡಚಿಕೊಳ್ಳುತ್ತದೆ. ಹಿಮ್ಮಡಿಯ ಮೂಳೆ ತನ್ನ ಜಾಗದಲ್ಲೇ ಸಿಗುತ್ತದೆ. ಇದು ಕೆಲವು ವಾರಗಳಲ್ಲಿ ತಾನಾಗಿ ಸರಿಹೋಗುತ್ತದೆ. ನಿಜವಾದ ಸೊಟ್ಟಪಾದ ಬೆರಳಿಗೆ ಬಗ್ಗುವುದಿಲ್ಲ. ಅರ್ಧಕ್ಕೆ ಬಂದು ನಿಲ್ಲುತ್ತದೆ, ಬಿಟ್ಟ ಕೂಡಲೇ ಹಿಂದಕ್ಕೆ ಹೋಗುತ್ತದೆ, ಹಿಮ್ಮಡಿ ಖಾಲಿ. ಶ್ರೀನಿವಾಸಪುರದ ಅಜ್ಜಿಗೆ ಹೇಳಿದ ಗದ್ದ-ಮೂಗು-ಕೆನ್ನೆಯ ಲೆಕ್ಕ ನಿಮಗೂ ಸಾಕು.

ಇನ್ನೆರಡು ಬಗೆ ಗೊತ್ತಿರಲಿ. ಪಾದದ ಮುಂಭಾಗ ಮಾತ್ರ ಒಳಕ್ಕೆ ಬಾಗಿ, ಹಿಮ್ಮಡಿ ಸರಿಯಾಗಿದ್ದು, ಪಾದ ಮೇಲಕ್ಕೆ ಸಲೀಸಾಗಿ ಮಡಚಿದರೆ ಅದು ಸೊಟ್ಟಪಾದವಲ್ಲ. ಪಾದ ಮೇಲಕ್ಕೇ ಮಡಚಿಕೊಂಡು ಮೊಣಕಾಲಿನ ಕೆಳಗಿನ ಮೂಳೆಗೆ ತಾಗಿದಂತಿದ್ದರೆ ಅದೂ ಅಲ್ಲ. ಎರಡೂ ಸಾಮಾನ್ಯವಾಗಿ ತಾವಾಗಿಯೇ ಹಿಡಿತಕ್ಕೆ ಬರುತ್ತವೆ, ಆದರೂ ಒಮ್ಮೆ ವೈದ್ಯರು ನೋಡಲಿ.

ಪಾದ ನೋಡಿದ ಮೇಲೆ ಬಟ್ಟೆ ಬಿಚ್ಚಿಸಿ ಬೆನ್ನನ್ನೂ ನೋಡಿ, ಇದನ್ನು ಮಾತ್ರ ಮರೆಯಬೇಡಿ. ಸೊಂಟದ ಹತ್ತಿರ ಗಂಟು, ಗುಳಿ, ಕೂದಲ ಗುಚ್ಛ ಇದೆಯೇ, ಕೈಯ ಕೀಲುಗಳು ಬಿಗಿದುಕೊಂಡಿವೆಯೇ, ತೊಡೆ ಅಗಲಿಸಿದರೆ ಎರಡೂ ಕಡೆ ಒಂದೇ ಸಮ ಬರುತ್ತದೆಯೇ. ಸುಮಾರು ಐದರಲ್ಲಿ ಒಂದು ಮಗುವಿನಲ್ಲಿ ಸೊಟ್ಟಪಾದ ಒಂದೇ ಬರದೆ ಬೆನ್ನುಹುರಿಯದೋ ಸ್ನಾಯುವಿನದೋ ತೊಂದರೆಯ ಜೊತೆಗೆ ಬಂದಿರುತ್ತದೆ. ಆ ಪಾದಗಳು ಹೆಚ್ಚು ಗಟ್ಟಿ, ಚಿಕಿತ್ಸೆಯೂ ದೀರ್ಘ.

ಅನುಮಾನವಿದ್ದರೆ ಕಳಿಸಿಬಿಡಿ, ಬೈದರೆ ಬೈಯಲಿ. 2013ರಲ್ಲಿ ಶುರುವಾದ ರಾಷ್ಟ್ರೀಯ ಬಾಲ ಸ್ವಾಸ್ಥ್ಯ ಕಾರ್ಯಕ್ರಮದ (ಆರ್‌ಬಿಎಸ್‌ಕೆ) ಪಟ್ಟಿಯಲ್ಲಿ ಸೊಟ್ಟಪಾದ ಇದೆ, ಮಕ್ಕಳಿಗೆ ತಪಾಸಣೆ, ಚಿಕಿತ್ಸೆ ಎರಡೂ ಉಚಿತ. ತಾಲ್ಲೂಕು ಆಸ್ಪತ್ರೆಯ ಆರ್‌ಬಿಎಸ್‌ಕೆ ತಂಡದವರಿಗೆ ತಿಳಿಸಿದರೆ ಜಿಲ್ಲಾಸ್ಪತ್ರೆಗೆ ಚೀಟಿ ಬರೆದುಕೊಡುತ್ತಾರೆ. ಮನೆಯವರಿಗೆ ಬಸ್ ಚಾರ್ಜಿನ ಲೆಕ್ಕವೂ ದೊಡ್ಡದೇ, ಆದ್ದರಿಂದ ವಾರಕ್ಕೊಂದರಂತೆ ಎಷ್ಟು ಸಲ ಹೋಗಬೇಕಾಗುತ್ತದೆ ಎಂದು ಮೊದಲ ದಿನವೇ ಬಿಡಿಸಿ ಹೇಳಿ. ಗೊತ್ತಿದ್ದು ಹೊರಟವರು ನಡುವೆ ನಿಲ್ಲಿಸುವುದು ಕಡಿಮೆ.

ಪ್ರಶ್ನೆ: ನನ್ನ ಮಗನಿಗೆ ಈಗ 10 ತಿಂಗಳು. ಎರಡೂ ಪಾದಕ್ಕೆ ಪಟ್ಟಿ ಹಾಕಿಸಿ, ನರ ಕತ್ತರಿಸಿ, ಪಾದ ಪೂರ್ತಿ ನೇರವಾಗಿದೆ. ಎರಡೂ ಕಾಲನ್ನು ಕೂಡಿಸುವ ಕಂಬಿ ಇರುವ ಶೂ ಕೊಟ್ಟಿದ್ದಾರೆ. ಮೂರು ತಿಂಗಳು ಹಗಲೂ ರಾತ್ರಿ ಹಾಕಿದೆವು, ಈಗ ರಾತ್ರಿ ಮಾತ್ರ. ಎರಡು ವಾರದಿಂದ ಹಾಕಿದ ತಕ್ಷಣ ಕಿರುಚುತ್ತಾನೆ. ಅತ್ತೆ, ‘ಕಾಲು ನೆಟ್ಟಗಾಯ್ತಲ್ಲ, ಇನ್ಯಾಕೆ ಕೂಸಿಗೆ ಸಂಕೋಲೆ’ ಅಂತಾರೆ. ನನ್ನ ಗಂಡನೂ ಬಿಚ್ಚಿಬಿಡು ಅಂತಾರೆ. ನನಗೂ ಕರುಳು ಕಿತ್ತು ಬರುತ್ತದೆ.
(ಚಿಂತಾಮಣಿ)

ಉತ್ತರ: ಬಿಚ್ಚಬೇಡ ತಾಯೀ. ಈ ಇಡೀ ಅಂಕಣದಲ್ಲಿ ನಾನು ಹೇಳುವ ಮಾತುಗಳಲ್ಲಿ ಒಂದನ್ನೇ ಉಳಿಸಿಕೊಳ್ಳಿ ಎಂದರೆ ಇದನ್ನೇ ಆರಿಸುತ್ತೇನೆ. ಪಟ್ಟಿ ಪಾದವನ್ನು ಎರಡು ತಿಂಗಳಲ್ಲಿ ನೇರ ಮಾಡುತ್ತದೆ. ಅದನ್ನು ನೇರವಾಗಿಯೇ ಉಳಿಸುವುದು ಶೂ, ಅದೂ 4-5 ವರ್ಷ ತುಂಬುವವರೆಗೆ. ಗರ್ಭದಲ್ಲಿ ಪಾದವನ್ನು ಒಳಕ್ಕೆ ಎಳೆದ ಶಕ್ತಿ ಎಲ್ಲಿಗೂ ಹೋಗಿಲ್ಲ, ಪಾದ ಬೆಳೆಯುತ್ತಿರುವಷ್ಟು ಕಾಲ ಒಳಗೆ ಎಳೆಯುತ್ತಲೇ ಇರುತ್ತದೆ. ಪಾದ ಮತ್ತೆ ತಿರುಗಿದ ಮಕ್ಕಳಲ್ಲಿ ಬಹುಪಾಲಿಗೆ ಕಾರಣ ಶೂ ಬಿಟ್ಟದ್ದೇ.

ಕೋಲಾರದ ಹತ್ತಿರದ ಒಂದು ಹಳ್ಳಿಯ ದಂಪತಿ ನೆನಪಾಗುತ್ತಾರೆ. ಟೊಮೆಟೊ ಸುಗ್ಗಿ, ರಾತ್ರಿಯೆಲ್ಲ ಕ್ರೇಟ್ ತುಂಬಿ ಮಂಡಿಗೆ ಕಳಿಸುವ ಕೆಲಸ. ಮಗುವನ್ನು ಅಜ್ಜಿಯ ಪಕ್ಕ ಮಲಗಿಸಿ ಹೋಗುತ್ತಿದ್ದರು. ಅಜ್ಜಿಗೆ ಶೂ ಕಟ್ಟಲು ಬರುತ್ತಿರಲಿಲ್ಲ. ಒಂದು ವಾರ ಬಿಟ್ಟದ್ದು ತಿಂಗಳಾಯಿತು, ಏಳು ತಿಂಗಳಾಯಿತು. ಮಗು ನಡೆಯತೊಡಗಿದಾಗ ಹಿಮ್ಮಡಿ ನೆಲಕ್ಕೆ ತಾಗುತ್ತಿರಲಿಲ್ಲ. ಮತ್ತೆ 3 ಪಟ್ಟಿ ಹಾಕಿ ಸರಿಮಾಡಿದೆವು. ಬೈಯಲಿಲ್ಲ, ಅಜ್ಜಿಯನ್ನೇ ಕರೆಸಿ ಶೂ ಕಟ್ಟುವುದನ್ನು ಹೇಳಿಕೊಟ್ಟೆವು. ಮೂರನೇ ಸಲಕ್ಕೆ ಆಕೆ ನಮ್ಮ ಟೆಕ್ನಿಷಿಯನ್ನಿಗಿಂತ ಅಚ್ಚುಕಟ್ಟಾಗಿ ಕಟ್ಟಿದರು. ನಿಮ್ಮ ಅತ್ತೆಯವರನ್ನೂ ಮುಂದಿನ ಸಲ ಜೊತೆಗೆ ಕರೆದುಕೊಂಡು ಹೋಗಿ.

ಈಗ ಅಳುವಿನ ವಿಷಯ. ಅದು ನೋವೋ ಹಟವೋ ಎಂದು ಮೊದಲು ತಿಳಿಯಬೇಕು. ಶೂ, ಕಾಲುಚೀಲ ಬಿಚ್ಚಿ ಪಾದ ಪೂರ್ತಿ ನೋಡಿ. ಹಿಮ್ಮಡಿಯ ಹಿಂದೆ ಬೊಬ್ಬೆ ಎದ್ದಿದ್ದರೆ ಶೂ ಸಡಿಲವಾಗಿ ಪಾದ ಒಳಗೆ ಉಜ್ಜುತ್ತಿದೆ. ಬಿಗಿಯಾಯಿತೇನೋ ಎಂದು ಇನ್ನೂ ಸಡಿಲ ಮಾಡಿದರೆ ಬೊಬ್ಬೆ ಹೆಚ್ಚುತ್ತದೆ. ಕೆಂಪಾದ ಕಡೆ ಎಣ್ಣೆ, ಕ್ರೀಮು ಹಚ್ಚಬೇಡಿ, ಚರ್ಮ ಮೆತ್ತಗಾಗಿ ಬೇಗ ಸುಲಿಯುತ್ತದೆ. ಕಾಲ್ಬೆರಳು ಶೂವಿನ ಮುಂದಿನ ಅಂಚು ದಾಟಿದ್ದರೆ ಶೂ ಚಿಕ್ಕದಾಗಿದೆ, ಬದಲಿಸಿಕೊಡಿ ಎಂದು ಕೇಳಿ. ಎರಡು ಹಿಮ್ಮಡಿಗಳ ನಡುವಿನ ಕಂಬಿ ಮಗುವಿನ ಭುಜದಷ್ಟು ಅಗಲವಿರಬೇಕು. ಹುಟ್ಟಿದಾಗಿನ ಭುಜವಲ್ಲ, ಈಗಿನ ಭುಜ. ನಿಮ್ಮ ಮಗನಿಗೆ ಎರಡೂ ಪಾದ ಹೊರಕ್ಕೆ ಸುಮಾರು 70 ಡಿಗ್ರಿ ತಿರುಗಿರುವಂತೆ ಶೂ ಕೂರಿಸಿರುತ್ತಾರೆ. ನೋಡಿದವರು ‘ಅಯ್ಯೋ, ಇಷ್ಟು ತಿರುಚಿದ್ದಾರೆ’ ಎನ್ನಬಹುದು. ಅಷ್ಟು ಬೇಕೇ ಬೇಕು, ನೀವೇ ತಿರುಗಿಸಿ ಕಡಿಮೆ ಮಾಡಬೇಡಿ.

ಹಾಕುವ ಕ್ರಮ ಹೀಗೆ. ಹೆಚ್ಚು ಗಟ್ಟಿಯಿದ್ದ ಪಾದ ಮೊದಲು. ತೆಳು ಹತ್ತಿ ಕಾಲುಚೀಲ. ಮಂಡಿ ಮಡಿಸಿ ಹಿಮ್ಮಡಿಯನ್ನು ಶೂವಿನ ತಳಕ್ಕೆ ಕೂರಿಸಿ, ಹರಡಿನ ಮೇಲಿನ ಪಟ್ಟಿಯನ್ನು ಮೊದಲು ಬಿಗಿಮಾಡಿ, ಆಮೇಲೆ ದಾರ. ಶೂವಿನ ಹಿಂದೆ ತೂತು ಇದ್ದರೆ ಅದರಲ್ಲಿ ಇಣುಕಿ, ಹಿಮ್ಮಡಿ ಕೆಳಗೆ ಕೂತಿದೆಯೇ ನೋಡಿ. ಪ್ರತಿ ಸಲ ಕಟ್ಟಿಯೂ ಹಿಮ್ಮಡಿ ಜಾರಿ ಮೇಲೆ ಬರುತ್ತಿದ್ದರೆ ಅದು ಶೂವಿನ ತಪ್ಪಲ್ಲದೆ ಪಾದ ಮತ್ತೆ ಗಟ್ಟಿಯಾಗುತ್ತಿರುವ ಗುರುತೂ ಇರಬಹುದು. ಹಾಗಿದ್ದರೆ ಮುಂದಿನ ತಾರೀಖಿಗೆ ಕಾಯದೆ ತೋರಿಸಿ.

ಬೊಬ್ಬೆಯಿಲ್ಲ, ಗಾಯವಿಲ್ಲ, ಆದರೂ ಕಿರುಚುತ್ತಾನೆ ಎಂದರೆ ಅದು 10 ತಿಂಗಳ ಹಟ. ಒಂದು ಕಾಲನ್ನು ಬೇರೆಯಾಗಿ ಒದೆಯಲು ಬರುವುದಿಲ್ಲವಲ್ಲ, ಅದಕ್ಕೆ ಸಿಟ್ಟು. ಕಂಬಿ ಹಿಡಿದುಕೊಂಡು ಎರಡೂ ಕಾಲನ್ನು ಜೊತೆಯಾಗಿ ಮಡಿಸಿ, ಚಾಚಿ, ಆಟ ಆಡಿಸಿ. ಎರಡೂ ಕೂಡಿ ಒದೆಯುವುದು ಕಲಿತ ಮೇಲೆ ಅಳು ಇಳಿಯುತ್ತದೆ. ಹೊತ್ತು ತಪ್ಪಿಸಬೇಡಿ. ರಾತ್ರಿ ಊಟ, ಶೂ, ದೀಪ ಆರಿಸುವುದು, ದಿನಾ ಇದೇ ಸಾಲಿನಲ್ಲಿ ನಡೆದರೆ ಹಲ್ಲುಜ್ಜುವ ಹಾಗೆ ಅದೂ ಒಂದು ಅಭ್ಯಾಸವಾಗುತ್ತದೆ. ರಾತ್ರಿ ಮತ್ತು ಹಗಲಿನ ನಿದ್ದೆ ಸೇರಿ 12ರಿಂದ 14 ಗಂಟೆ ಆಗಬೇಕು.

ಸೀರೆಯ ಜೋಲಿಯಲ್ಲಿ ಮಲಗಿಸುವವರಿಗೆ ಇನ್ನೊಂದು ಮಾತು. ಕಂಬಿ ಸೀರೆಗೆ ಸಿಕ್ಕಿಕೊಂಡು ಕಾಲು ಅಡ್ಡಡ್ಡಕ್ಕೆ ತಿರುಚುತ್ತದೆ, ಆದ್ದರಿಂದ ಈ ಮಕ್ಕಳಿಗೆ ಚಾಪೆಯೇ ಒಳ್ಳೆಯದು. ಗೌರಿಬಿದನೂರಿನ ಕಡೆಯ ಒಬ್ಬ ತಾಯಿ ಹಳೇ ಸೀರೆಯ ತುಂಡನ್ನು ಕಂಬಿಗೆ ಸುತ್ತಿ ಹೊಲಿದಿದ್ದಳು. ಎತ್ತಿಕೊಂಡಾಗ ತನ್ನ ಪಕ್ಕೆಗೂ ತಾಗುವುದಿಲ್ಲ, ಮಗು ಮಗ್ಗುಲಾದಾಗ ನೆಲಕ್ಕೆ ಬಡಿದು ಸದ್ದೂ ಆಗುವುದಿಲ್ಲ. ಅದನ್ನು ನಾನೀಗ ಎಲ್ಲರಿಗೂ ಹೇಳುತ್ತೇನೆ.

ಹಗಲಲ್ಲಿ ಅವನು ಶೂ ಇಲ್ಲದೆ ಆಡಲಿ, ಹತ್ತಲಿ, ನಡೆಯಲಿ, ಯಾವ ಕಟ್ಟುಪಾಡೂ ಇಲ್ಲ. ಅಮೆರಿಕದ ಫುಟ್‌ಬಾಲ್ ಆಟಗಾರ್ತಿ ಮಿಯಾ ಹ್ಯಾಮ್ ಹುಟ್ಟಿದ್ದು ಸೊಟ್ಟಪಾದದಲ್ಲೇ, ವಿಶ್ವಕಪ್ ಎರಡು ಸಲ ಗೆದ್ದ ತಂಡದಲ್ಲಿ ಆಡಿದವರು. ನಿಮ್ಮ ಗಂಡನಿಗೆ ಇದನ್ನು ಓದಿ ಹೇಳಿ, ರಾತ್ರಿ ಶೂ ಕಟ್ಟುವ ಕೆಲಸವನ್ನು ವಾರದಲ್ಲಿ ಮೂರು ದಿನ ಅವರಿಗೇ ವಹಿಸಿ.

ಪ್ರಶ್ನೆ: ನನಗೆ 24 ವರ್ಷ. ಎಡಪಾದ ಹುಟ್ಟಿನಿಂದ ಸೊಟ್ಟ. ಚಿಕ್ಕವನಿದ್ದಾಗ ಯಾರೂ ತೋರಿಸಲಿಲ್ಲ. ಕಂಪನಿಯಲ್ಲಿ ನಿಂತು ಮಾಡುವ ಕೆಲಸ, ಸಂಜೆಗೆ ಪಾದ ಸುಡುತ್ತದೆ. ಈಗ ಪಟ್ಟಿ ಹಾಕಿದರೆ ಸರಿಹೋಗುತ್ತದೆಯೇ? ಮದುವೆ ಮಾತು ನಡೆಯುತ್ತಿದೆ. ಮಕ್ಕಳಿಗೂ ಬರುತ್ತದೆಯೇ?
(ಮಾಲೂರು)

ಉತ್ತರ: ತಮ್ಮಾ, ನಿಮ್ಮ ವಯಸ್ಸಿಗೆ ಮೂಳೆಗಳು ಆ ಆಕಾರದಲ್ಲೇ ಗಟ್ಟಿಯಾಗಿರುತ್ತವೆ, ಬರೀ ಪಟ್ಟಿಯಿಂದ ತಿರುಗುವುದಿಲ್ಲ. ಮೂಳೆಯನ್ನು ಬೆಣೆಯಾಕಾರಕ್ಕೆ ತೆಗೆದು ಕೀಲುಗಳನ್ನು ಕೂಡಿಸುವ ಆಪರೇಷನ್ ಇದೆ. ಹೊರಗಿನಿಂದ ಉಂಗುರಗಳ ಚೌಕಟ್ಟು ಹಾಕಿ ದಿನಕ್ಕೆ ಸ್ವಲ್ಪ ಸ್ವಲ್ಪವೇ ತಿರುಗಿಸುವ ಇಲಿಜರೋವ್ ವಿಧಾನವೂ ಇದೆ, ಅದಕ್ಕೆ ತಿಂಗಳುಗಳೇ ಹಿಡಿಯುತ್ತವೆ. ಮಗುವಿನ ಪಾದದಷ್ಟು ಮೆತ್ತಗೆ ಅದು ಆಗುವುದಿಲ್ಲ. ಆದರೆ ಅಂಗಾಲು ಪೂರ್ತಿ ನೆಲಕ್ಕೆ ಊರುತ್ತದೆ, ಅಂಗಡಿಯ ಶೂ ಹಿಡಿಯುತ್ತದೆ, ಸಂಜೆಯ ಉರಿ ಕಡಿಮೆಯಾಗುತ್ತದೆ. ಎಷ್ಟು ತಿಂಗಳು ಕೆಲಸಕ್ಕೆ ರಜೆ ಬೇಕು, ಯಾವ ಕೀಲು ಮತ್ತೆ ಮಡಚದಂತೆ ಬಿಗಿದುಹೋಗುತ್ತದೆ ಎಂದು ಆಪರೇಷನ್ ಮಾಡುವವರ ಬಾಯಿಂದ ಸ್ಪಷ್ಟವಾಗಿ ಕೇಳಿಕೊಂಡೇ ಒಪ್ಪಿಕೊಳ್ಳಿ. ಅಲ್ಲಿಯವರೆಗೆ ಪಾದದ ಆಕಾರಕ್ಕೇ ಮೆತ್ತನೆ ಒಳತಳ ಹಾಕಿ ಹೊಲಿಸಿದ ಚಪ್ಪಲಿ ಹಾಕಿಕೊಳ್ಳಿ. ದಪ್ಪಗಟ್ಟಿದ ಚರ್ಮವನ್ನು ಬ್ಲೇಡಿನಿಂದ ಕೆರೆಯಬೇಡಿ.

ಅಂಗವಿಕಲರ ಪ್ರಮಾಣಪತ್ರಕ್ಕೆ ಅರ್ಜಿ ಹಾಕಿಲ್ಲದಿದ್ದರೆ ಹಾಕಿ. 2016ರ ಕಾಯ್ದೆಯ ಪ್ರಕಾರ 40 ಶೇಕಡಾ ಅಥವಾ ಅದಕ್ಕಿಂತ ಹೆಚ್ಚು ಎಂದು ವೈದ್ಯಕೀಯ ಮಂಡಳಿ ಬರೆದರೆ ಸರ್ಕಾರಿ ಕೆಲಸಗಳ ಮೀಸಲಾತಿಗೆ ನೀವು ಅರ್ಹರು.

ಮದುವೆಗೆ ಇದು ಅಡ್ಡಿಯೇ ಅಲ್ಲ. ತಂದೆಗೋ ತಾಯಿಗೋ ಇದ್ದರೆ ಮಗುವಿಗೆ ಬರುವ ಸಾಧ್ಯತೆ ನೂರಕ್ಕೆ ಮೂರು ನಾಲ್ಕು, ಅಂದರೆ ತೊಂಬತ್ತಾರು ತೊಂಬತ್ತೇಳು ಸಲ ಬಾರದೇ ಇರುವುದೇ. ಹೆಣ್ಣಿನ ಮನೆಯವರು ಕೇಳಿದರೆ ಇದನ್ನು ಇದ್ದ ಹಾಗೇ ಹೇಳಿ. ನಿಮ್ಮ ಮಗು ಹುಟ್ಟಿದ ದಿನ, ಎಲ್ಲರೂ ಮುಖ ಯಾರ ಹಾಗಿದೆ ಎಂದು ನೋಡುತ್ತಿರುವಾಗ, ನೀವು ಪಾದವನ್ನು ಕೈಗೆತ್ತಿಕೊಂಡು ಹಿಮ್ಮಡಿಯನ್ನು ಹೆಬ್ಬೆರಳಿನಿಂದ ಒತ್ತಿ ನೋಡಿ. ಕೆನ್ನೆಯ ಹಾಗೆ ಮೆತ್ತಗಿದ್ದರೆ ಆ ವಾರವೇ ಕರೆದುಕೊಂಡು ಬನ್ನಿ.